ಟೊಮೆಟೊ ಗಿಡದ ಹುಳ: ಮೊದಲು ಹಿಕ್ಕೆ ಹುಡುಕಿ

ಎಲೆಯ ಮೇಲೆ ಸಾಸಿವೆ ಕಾಳಿನಂಥ ಹಿಕ್ಕೆ ಬಿದ್ದಿದ್ದರೆ, ಅದರ ನೇರ ಮೇಲಿರುವ ಎಲೆ, ಹೂಗೊಂಚಲು, ಕಾಯಿಗಳನ್ನು ತಿರುಗಿಸಿ ನೋಡಿ. ಹಿಕ್ಕೆ ಹಸಿಯಾಗಿದ್ದರೆ ಹುಳ ಅಲ್ಲೇ ಹತ್ತಿರದಲ್ಲಿದೆ. ಗಿಡದ ಬಣ್ಣಕ್ಕೇ ಹೊಂದಿಕೊಂಡಿರುವುದರಿಂದ ಹುಳಕ್ಕಿಂತ ಹಿಕ್ಕೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಔಷಧಿ ತರುವ ಮುಂಚೆ ಯಾವ ಹುಳ ಅಂತ ಗೊತ್ತಾಗಬೇಕು.

ಕಾಯಿಯಲ್ಲಿ ದುಂಡನೆಯ ತೂತು, ಹುಳದ ತಲೆ ಒಳಗೆ, ಹಿಂಭಾಗ ಹೊರಗೆ ಇದ್ದರೆ ಅದು ಕಾಯಿಕೊರಕ. ಹಸಿರು, ಕಂದು, ಯಾವ ಬಣ್ಣವೂ ಇರಬಹುದು. ಪಕ್ಕೆಯಲ್ಲಿ ಬಿಳಿಚು ಗೆರೆ ಇರುತ್ತದೆ. ಒಂದು ಕಾಯನ್ನು ಪೂರ್ತಿ ತಿನ್ನದೆ ಇನ್ನೊಂದಕ್ಕೆ ಹೋಗುವ ಚಾಳಿ ಇದರದು. ಹಾಗಾಗಿ ಹುಳ ಒಂದಿದ್ದರೂ ಹಾಳಾಗುವ ಕಾಯಿ ಹಲವು. ಕಾಯೊಳಗೆ ಸೇರಿದ ಮೇಲೆ ಯಾವ ಸಿಂಪಡಣೆಯೂ ತಾಗುವುದಿಲ್ಲ. ಕಾಯನ್ನು ಕಿತ್ತು ಸೋಪಿನ ನೀರಲ್ಲಿ ಮುಳುಗಿಸಿ. ಗೊಬ್ಬರದ ಗುಂಡಿಗೆ ಎಸೆದರೆ ಹುಳ ಅಲ್ಲೇ ಬೆಳೆದು ಚಿಟ್ಟೆಯಾಗುತ್ತದೆ.

ಎಲೆ ಜಾಲರಿಯಂತಾಗಿದ್ದರೆ ಅಡಿಭಾಗ ನೋಡಿ. ಕಂದು ನೂಲು ಮುಚ್ಚಿದ ಮೊಟ್ಟೆಗುಂಪು, ಅಥವಾ ಒಟ್ಟಾಗಿ ಕೆರೆಯುತ್ತಿರುವ ನೂರಾರು ಮರಿಗಳು ಕಂಡರೆ ಅದು ತಂಬಾಕಿನ ಹುಳ. ಆ ಒಂದು ಎಲೆ ಕಿತ್ತರೆ ಕೆಲಸ ಮುಗಿಯಿತು. ಮೂರು ದಿನ ತಡಮಾಡಿದರೆ ಮರಿಗಳು ಚದುರಿಹೋಗುತ್ತವೆ. ದೊಡ್ಡವು ಹಗಲು ಬುಡದ ಮಣ್ಣಲ್ಲಿ ಅಡಗಿರುತ್ತವೆ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸಬೇಕು.

ಎಲೆಯ ಎರಡು ಪದರಗಳ ನಡುವೆ ಅಗಲವಾದ ಬಿಳಿ ಮಚ್ಚೆ, ಕಾಯಿಯ ತೊಟ್ಟಿನ ಹತ್ತಿರ ಸೂಜಿಮೊನೆಯ ತೂತು ಕಂಡರೆ ಅದು ಟೂಟಾ ಎಂಬ ಎಲೆ ಕೊರೆಯುವ ಹುಳ. ಭಾರತದಲ್ಲಿ ಮೊದಲು 2014ರಲ್ಲಿ ಮಹಾರಾಷ್ಟ್ರದಲ್ಲಿ ಪತ್ತೆಯಾದ ಈ ಹುಳಕ್ಕೆ ಮಚ್ಚೆಬಿದ್ದ ಎಲೆಗಳನ್ನು ಬೇಗ ಕಿತ್ತು ನಾಶಮಾಡುವುದೇ ಮನೆಮಟ್ಟದ ಉಪಾಯ.

ಎಲೆ ಮೇಯುವ ಮರಿಹುಳಗಳಿಗೆ ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ) ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಲೀಟರ್ ನೀರಿಗೆ 1ರಿಂದ 2 ಗ್ರಾಂ. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಬಿಸಿಲು ಇದನ್ನು ಕೆಡಿಸುವುದರಿಂದ ಸಂಜೆಯೇ ಸಿಂಪಡಿಸಿ, ಎಲೆಯ ಅಡಿಭಾಗವೂ ನೆನೆಯಲಿ. ಬೆರೆಸಿದ್ದನ್ನು ಅಂದೇ ಮುಗಿಸಿ. ತಿಂದ ಹುಳ ಬೇಗನೆ ಮೇಯುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು-ಮೂರು ದಿನ ಬೇಕು. ಮರುದಿನವೂ ಹುಳ ಜೀವಂತ ಇದೆ ಅಂತ ಮತ್ತೆ ಸುರಿಯಬೇಡಿ. ವಾರದ ನಂತರ ಇನ್ನೊಮ್ಮೆ ಸಾಕು, ಮಳೆ ಬಂದರೆ ಅದಕ್ಕೂ ಮುಂಚೆ. ಒಂದಿಂಚು ದಾಟಿದ ಹುಳಕ್ಕೆ ಕೈಯೇ ವಾಸಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಬಿಟಿ ಮುಟ್ಟಲೇಬೇಡಿ, ರೇಷ್ಮೆಹುಳಕ್ಕೂ ಅದು ವಿಷ.

ಬೇವಿನೆಣ್ಣೆಯಾದರೆ 5 ಮಿ.ಲೀ. ಎಣ್ಣೆಗೆ 2 ಮಿ.ಲೀ. ದ್ರವಸೋಪು ಮೊದಲು ಕಲಸಿ, ಆಮೇಲೆ ಲೀಟರ್ ನೀರು ಸೇರಿಸಿ. ತಿರುಗುಮುರುಗಾದರೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಸೋಪು ಒಡೆದು ಮೊಸರಾಗುವ ಗಡಸು ಬೋರ್‌ವೆಲ್ ನೀರು ಇದಕ್ಕೆ ಆಗದು. ಒಂದು ಗಿಡದ ಮೇಲೆ ಮೊದಲು ಪರೀಕ್ಷಿಸಿ.

ಮುಂದಿನ ಸಲಕ್ಕೆ ಚೆಂಡುಹೂ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. 25 ದಿನದ ಟೊಮೆಟೊ ಸಸಿಯ ಜೊತೆ 40 ದಿನದ ಚೆಂಡುಹೂ ಸಸಿ. ಎರಡೂ ಒಟ್ಟಿಗೆ ಹೂಬಿಟ್ಟರೆ ಮಾತ್ರ ಕಾಯಿಕೊರಕದ ಚಿಟ್ಟೆ ಚೆಂಡುಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ. ತಾರಸಿಯಲ್ಲಿ ಒಂದೆರಡು ಕುಂಡ ಸಾಕು, ಆದರೆ ಆ ಹೂಗಳನ್ನು ಆಗಾಗ ಕೀಳದಿದ್ದರೆ ನೀವೇ ಹುಳ ಸಾಕಿದ ಹಾಗೆ.

ಬಾಡಿದ ಹುಳದ ಪಕ್ಕ ಅಕ್ಕಿಕಾಳಿನಂಥ ಗೂಡು ಕಂಡರೆ ಬಿಟ್ಟುಬಿಡಿ. ಅದು ಪರಾವಲಂಬಿ ಕಣಜದ್ದು. ಬೆಳೆ ಮುಗಿದಾಗ ಕುಂಡದ ಮಣ್ಣನ್ನು ಹರಡಿ ಬಿಸಿಲಿಗೆ ಒಣಗಿಸಿದರೆ ಅದರೊಳಗಿನ ಹುಳದ ಕೋಶಗಳು (ಪ್ಯೂಪಾ) ಸಾಯುತ್ತವೆ, ಸಿಕ್ಕಿದ್ದು ಗುಬ್ಬಿ-ಮೈನಾಗಳ ಪಾಲು.