ಏಳನೇ ತರಗತಿಯ ಲೆಕ್ಕದ ಪಿರಿಯಡ್ ಎಲ್ಲಿ ಹೋಯಿತು?

"ಮಿಸ್, ಇವತ್ತೂ ಲೆಕ್ಕ ಇಲ್ವಾ?"

ಆಫೀಸ್ ರೂಮಿನ ಬಾಗಿಲಲ್ಲಿ ನಿಂತು ಏಳನೇ ತರಗತಿಯ ಹುಡುಗಿ ಕೇಳಿದಳು. ನಾನು ಶಿಕ್ಷಣ ಇಲಾಖೆಯ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ತುಂಬುತ್ತಿದ್ದೆ. ಆ ವಾರ ಅವಳು ಹಾಗೆ ಕೇಳಿದ್ದು ಮೂರನೇ ಸಲ. ಅವತ್ತು ಸಂಜೆಯೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ.

ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 112 ಮಕ್ಕಳು. ಮುಖ್ಯ ಶಿಕ್ಷಕಿಯಾದ ನನ್ನನ್ನೂ ಸೇರಿಸಿ ಐದು ಜನ ಶಿಕ್ಷಕರು. ಗುಮಾಸ್ತರಿಲ್ಲ. ಸರ್ಕಾರಿ ಪ್ರೌಢಶಾಲೆಗಾದರೆ ದ್ವಿತೀಯ ದರ್ಜೆ ಸಹಾಯಕರ ಹುದ್ದೆ ಇರುತ್ತದೆ, ನಮಗೆ ಅದೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ಓದಿ ನೋಡಿದೆ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಅಂತಿದೆ. ಪಾಠದ ತಯಾರಿಯೂ ಸೇರಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸ ಅಂತಿದೆ. ಗ್ರಂಥಾಲಯ, ಆಟದ ಸಾಮಾನು ಎಲ್ಲ ಇದೆ. ಕಾಗದ ಪತ್ರ ನೋಡಿಕೊಳ್ಳುವವರ ಮಾತೇ ಇಲ್ಲ.

ನೋಟ್‌ಬುಕ್‌ನಲ್ಲಿ ಐದು ಕಲಂ ಎಳೆದೆ. ದಿನ, ಕೆಲಸ, ಕೇಳಿದವರು ಯಾರು, ಎಷ್ಟು ನಿಮಿಷ, ಯಾವ ತರಗತಿಯ ಪಿರಿಯಡ್ ತಪ್ಪಿತು. ಕೊನೆಯ ಕಲಂ ಬರೆಯುವಾಗ ಕೈ ಭಾರವಾಗುತ್ತಿತ್ತು. ಆದರೂ ಬಿಡಲಿಲ್ಲ, ಜೂನ್‌ನಿಂದ ದಸರಾ ರಜೆಯವರೆಗೆ ಬರೆದೆ.

ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು. ಹಾಲಿನ ಪುಡಿ ಲೆಕ್ಕ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತೆಗೆದುಕೊಂಡವರೆಷ್ಟು. ಯುಡೈಸ್ (ಶಾಲೆಗಳ ರಾಷ್ಟ್ರೀಯ ಅಂಕಿಅಂಶ), ಅಪಾರ್ (ವಿದ್ಯಾರ್ಥಿಗಳ ಗುರುತಿನ ಸಂಖ್ಯೆ), ಆಧಾರ್ ತಿದ್ದುಪಡಿ, ವಿದ್ಯಾರ್ಥಿವೇತನ, ಸಮವಸ್ತ್ರ ಹಂಚಿಕೆ, ವರ್ಗಾವಣೆ ಪತ್ರ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ, ಬ್ಯಾಂಕಿಗೆ ಓಡಾಟ. ಇದರಲ್ಲಿ ಬಹುಪಾಲು ಮಕ್ಕಳಿಗೆ ಬೇಕಾದ ಕೆಲಸವೇ. ಹಾಲು, ಮೊಟ್ಟೆ ಬಂದ ಮೇಲೆ ನಮ್ಮ ಮಕ್ಕಳ ಮುಖ ಬದಲಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೊಂದು ಹೊಸ ಯೋಜನೆ ಬಂದಾಗಲೂ ಒಂದೊಂದು ರಿಜಿಸ್ಟರ್ ಬಂತು. ಅದನ್ನು ಬರೆಯಲು ಮಾತ್ರ ಜನ ಬರಲಿಲ್ಲ.

ದಸರಾ ರಜೆಯಲ್ಲಿ ಕೂಡಿ ನೋಡಿದೆ. ವಾರಕ್ಕೆ ಸರಾಸರಿ 17 ಗಂಟೆ! ಏಳನೇ ತರಗತಿಯದ್ದೇ 31 ಪಿರಿಯಡ್ ಹೋಗಿತ್ತು, ಹೆಚ್ಚಿನವು ನನ್ನ ಲೆಕ್ಕದ ಪಿರಿಯಡ್‌ಗಳು.

ಇನ್ನೊಂದು ವಿಷಯವೂ ಗೊತ್ತಾಯಿತು. ತರಗತಿವಾರು ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ವರ್ಗದವರು ಎಷ್ಟು ಎಂಬ ಒಂದೇ ಮಾಹಿತಿಯನ್ನು ಬೇರೆ ಬೇರೆ ನಮೂನೆಯಲ್ಲಿ ಒಂಬತ್ತು ಸಲ ಕೊಟ್ಟಿದ್ದೆ. ಹಾಗಾಗಿ ಅದನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ತಿಂಗಳ ಮೊದಲ ಸೋಮವಾರ ತಿದ್ದುತ್ತೇನೆ. ವಾಟ್ಸಾಪ್‌ನಲ್ಲಿ "ತುರ್ತು" ಅಂತ ಬಂದರೆ ಮೊದಲು ಆ ಹಾಳೆಯ ಫೋಟೊ ಹೋಗುತ್ತದೆ. ಎಷ್ಟೋ ಸಲ ಅಷ್ಟೇ ಸಾಕಾಯಿತು. ಲೆಕ್ಕದ ಪಿರಿಯಡನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಹಾಕಿಕೊಂಡೆ. ಫೋನ್ ಬರುವುದು ಹನ್ನೊಂದರ ಮೇಲೆಯೇ ಜಾಸ್ತಿ. ದಾಸ್ತಾನು ಪುಸ್ತಕವನ್ನು ಸಹಶಿಕ್ಷಕರ ತಲೆಗೆ ಕಟ್ಟಲಿಲ್ಲ. ಅವರಿಗೆ ಕೊಟ್ಟರೆ ಅವರ ತರಗತಿ ತಪ್ಪುತ್ತದೆ, ಅಷ್ಟೇ ಅಲ್ವಾ?

ನೋಟ್‌ಬುಕ್ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಹೋದೆ. ಸಿಟ್ಟು ತುಂಬಿಕೊಂಡೇ ಹೋಗಿದ್ದೆ. ಅಲ್ಲಿ ಒಬ್ಬ ಗುಮಾಸ್ತರ ಮೇಜಿನ ಮೇಲೆ ಸೇವಾ ಪುಸ್ತಕಗಳ ರಾಶಿ. ವೇತನ ಬಿಲ್ಲು, ರಜೆ, ಬಡ್ತಿ, ಪಿಂಚಣಿ ಎಲ್ಲ ಅವರ ಕೈಯಿಂದಲೇ ದಾಟಬೇಕು. ಪಕ್ಕದ ಎರಡು ಕುರ್ಚಿ ಖಾಲಿ. "ಮೇಡಂ, ನೀವು ಒಂದು ಶಾಲೆ ನೋಡ್ತೀರಿ, ನಾನು ಮೂರು ಜನರ ಟೇಬಲ್ ನೋಡ್ತಿದ್ದೀನಿ" ಅಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆಚೆ ಕಂಪ್ಯೂಟರ್ ಮುಂದೆ ಕೂತಿದ್ದವರು ಯಾರು ಗೊತ್ತೇ? ನಿಯೋಜನೆ ಮೇಲೆ ಬಂದ ಒಬ್ಬ ಶಿಕ್ಷಕರು. ಎಲ್ಲೋ ಒಂದು ಶಾಲೆಯಲ್ಲಿ ಅವರ ಮಕ್ಕಳು ಸುಮ್ನೆ ಕೂತಿದ್ದರು.

ಕಚೇರಿಯಲ್ಲಿ ಜನ ಜಾಸ್ತಿಯಾದರು, ಕಡಿಮೆ ಮಾಡಬೇಕು ಎಂದು ಹೇಳುವವರಿದ್ದಾರೆ. ನಾನು ಕಂಡಿದ್ದು ಬೇರೆ. ಗುಮಾಸ್ತರ ಹುದ್ದೆ ಖಾಲಿ ಬಿಟ್ಟರೆ ಸರ್ಕಾರಕ್ಕೆ ಉಳಿತಾಯ ಆಗುವುದಿಲ್ಲ. ಶಿಕ್ಷಕರ ಸಂಬಳದಲ್ಲೇ ಗುಮಾಸ್ತರ ಕೆಲಸ ನಡೆಯುತ್ತದೆ, ಪಾಠ ನಿಲ್ಲುತ್ತದೆ.

ಎಸ್‌ಡಿಎಂಸಿ ಸಭೆಯಲ್ಲಿ ನೋಟ್‌ಬುಕ್ ಓದಿದೆ. ನಮ್ಮ ಕ್ಲಸ್ಟರ್‌ನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಾಲೆಗಳಿಗೆಲ್ಲ ಸೇರಿ ಒಬ್ಬ ಗುಮಾಸ್ತರನ್ನು ಕೊಡಿ, ದಿನಕ್ಕೊಂದು ಶಾಲೆಗೆ ಬಂದು ಹೋಗಲಿ ಎಂದು ನಿರ್ಣಯವಾಯಿತು. ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಸರ್, ಪಕ್ಕದ ನಾಲ್ಕು ಶಾಲೆಯವರಿಂದಲೂ ಇದೇ ರೀತಿ ಒಂದು ತಿಂಗಳು ಬರೆಸಿದರು. ಐದೂ ಲೆಕ್ಕ ಒಟ್ಟಿಗೆ ಜೋಡಿಸಿ ಮನವಿ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ನಾನೂ ಬರೆಯುವುದು ಬಿಟ್ಟಿಲ್ಲ.

ಕಳೆದ ತಿಂಗಳು ಏಳನೇ ತರಗತಿಯ ಕಲಂನಲ್ಲಿ ನಾಲ್ಕು ಪಿರಿಯಡ್ ಮಾತ್ರ ಇದೆ. ಭಿನ್ನರಾಶಿ ಮುಗಿಸಿ ಬೀಜಗಣಿತ ಶುರು ಮಾಡಿದ್ದೇವೆ.