‘ಕಾಂಟ್ ಯೂ’ ಅಂತ ಕೇಳಿದಾಗ: ಇಂಗ್ಲೆಂಡಿಗೆ ಹೊರಟಿರುವ ಬೆಂಗಳೂರಿನವರಿಗೆ

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಇ-ವೀಸಾ ಖಾತೆ ಸರಿ ಇದೆಯಾ ನೋಡಿಕೊಳ್ಳಿ, ಬಂದ ಕೂಡಲೇ ಮನೆ ಹತ್ತಿರದ ಜಿಪಿಯಲ್ಲಿ, ಅಂದರೆ ಮೊದಲು ತೋರಿಸಿಕೊಳ್ಳುವ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸಿ, ಕೆಲಸಕ್ಕೂ ತೆರಿಗೆಗೂ ಬೇಕಾಗುವ ನ್ಯಾಷನಲ್ ಇನ್ಶೂರೆನ್ಸ್ ನಂಬರಿಗೆ ಅರ್ಜಿ ಹಾಕಿ. ಇದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಯಾರೂ ಹೇಳಿಕೊಡದೆ ಬಿಡುವುದು ಮಾತಿನ ವಿಷಯ. ಅದರಲ್ಲೂ ‘ಕಾಂಟ್ ಯೂ’, ‘ವೋಂಟ್ ಯೂ’, ‘ಶುಡಂಟ್ ವಿ’ ಅಂತ ಶುರುವಾಗುವ ಪ್ರಶ್ನೆಗಳು.

ನಮಗೆ ಇಂಗ್ಲಿಷ್ ಚೆನ್ನಾಗೇ ಬರುತ್ತಲ್ಲ ಅಂತ ಅನ್ನಿಸಬಹುದು. ಬರುತ್ತೆ, ನಿಜ. ಬೆಂಗಳೂರಿನ ಆಫೀಸಿನಲ್ಲಿ ‘ಕಾಂಟ್ ಯೂ ಕಮ್ ಟುಮಾರೋ?’ ಅಂತ ಕೇಳಿದರೆ ‘ಯೆಸ್ ಯೆಸ್, ಕಾಂಟ್ ಕಮ್’ ಅಂತೀವಿ. ಕೇಳಿದವರು ತಮಿಳಿನವರಾಗಲಿ ತೆಲುಗಿನವರಾಗಲಿ, ಅರ್ಥ ಆಗಿಬಿಡುತ್ತದೆ, ಯಾಕಂದ್ರೆ ಅವರ ಮನೆಯಲ್ಲೂ ಮಾತು ಹೀಗೇ. ‘ನಾಳೆ ಬರೋಕಾಗಲ್ವಾ?’ ‘ಹೂಂ, ಆಗಲ್ಲ.’ ನೀವು ಅಂದುಕೊಂಡದ್ದು ಸರಿ ಅಂತ ಒಪ್ಪಿಕೊಳ್ಳುವ ಹೂಂ ಅದು. ಇಂಗ್ಲಿಷಿನ ಯೆಸ್ ಕೇಳಿದವರ ಊಹೆಯ ಕಡೆ ತಿರುಗಿಯೂ ನೋಡುವುದಿಲ್ಲ. ಬರೋಕಾದರೆ ಯೆಸ್, ಆಗದಿದ್ದರೆ ನೋ. ಪ್ರಶ್ನೆ ‘ಕ್ಯಾನ್ ಯೂ’ ಇರಲಿ, ‘ಕಾಂಟ್ ಯೂ’ ಇರಲಿ, ಉತ್ತರ ಬದಲಾಗುವುದಿಲ್ಲ.

ಇಂಗ್ಲಿಷಿನವರಿಗೂ ಹಿಂದೆ ಈ ವ್ಯತ್ಯಾಸ ಬೇಕಾಗಿತ್ತು. ಸಾದಾ ಪ್ರಶ್ನೆಗೆ ಯೇ, ನೇ. ಇಲ್ಲ ಅನ್ನೋ ಅರ್ಥದ ಪ್ರಶ್ನೆಗೆ ಯೆಸ್, ನೋ. ಹೀಗೆ ನಾಲ್ಕು ಮಾತು. 1532ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್, ಬೈಬಲ್ ಅನುವಾದಿಸಿದ ಟಿಂಡೇಲ್ ಅವರು ಇವನ್ನು ಅದಲುಬದಲು ಮಾಡಿದ್ದಾರೆ ಅಂತ ತಕರಾರು ತೆಗೆದಿದ್ದರು. ಆಮೇಲೆ ಎರಡು ಬಿದ್ದುಹೋದವು. ಉಳಿದ ಎರಡರಲ್ಲೇ ನಾವು ಒದ್ದಾಡಬೇಕು.

ನನಗೆ ಗೊತ್ತಿರುವ ಒಬ್ಬ ಹುಡುಗಿ, ಹಾಸನದ ಕಡೆಯವಳು, ಇಲ್ಲಿ ನರ್ಸ್. ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಕೊಂಡೇ ಬಂದವಳು. ಮೇಲಿನವರು ಫೋನಿನಲ್ಲಿ ‘ಕಾಂಟ್ ಯೂ ಡೂ ಸಾಟರ್ಡೇ?’ ಅಂದರು. ಅವಳು ‘ಯೆಸ್’ ಅಂದಳು. ಆಗಲ್ಲ ಅಂತ ಹೇಳಿದೆ ಅನ್ನೋ ನೆಮ್ಮದಿಯಲ್ಲಿ ಫೋನ್ ಇಟ್ಟಳು. ಶನಿವಾರ ಬೆಳಿಗ್ಗೆ ಯಾಕೆ ಬಂದಿಲ್ಲ ಅಂತ ವಾರ್ಡಿನಿಂದ ಕರೆ ಬಂತು. ಹೇಳಿದ ಮಾತಿಗೆ ನಿಲ್ಲದವಳು ಅನ್ನೋ ಹೆಸರು ಹೊತ್ತುಕೊಂಡು ಎಷ್ಟೋ ದಿನ ಕೆಲಸ ಮಾಡಿದಳು, ಅಷ್ಟು ಪ್ರಾಮಾಣಿಕ ಹುಡುಗಿ. ನನಗೆ ಇವತ್ತಿಗೂ ಅದು ಹೊಟ್ಟೆ ಉರಿಸುತ್ತದೆ.

ಅದಕ್ಕೇ ಹೇಳುವುದು, ಬರೀ ಯೆಸ್ ಅಥವಾ ನೋಗೆ ನಿಲ್ಲಿಸಬೇಡಿ. ಕೇಳಿದವರ ಕ್ರಿಯಾಪದವನ್ನೇ ವಾಪಸ್ ಕೊಡಿ. ‘ನೋ, ಐ ಕಾಂಟ್.’ ‘ಯೆಸ್, ಐ ಕ್ಯಾನ್.’ ಗಡಿಬಿಡಿಯಾದರೆ ಯೆಸ್ ನೋ ಎರಡೂ ಬಿಟ್ಟು ‘ಸಾರಿ, ಐ ಕಾಂಟ್ ಡೂ ಸಾಟರ್ಡೇ’ ಅಂದರೆ ಸಾಕು. ‘ವುಡ್ ಯೂ ಮೈಂಡ್’ ಅಂತ ಕೇಳಿದಾಗ ಮಾತ್ರ ಒಪ್ಪಿಗೆ ಅಂದರೆ ‘ನೋ, ನಾಟ್ ಅಟ್ ಆಲ್’. ಅವರು ಕೇಳುತ್ತಿರುವುದು ನಿಮಗೆ ಬೇಜಾರಾ ಅಂತ.

ನಾವೇ ಕೇಳುವಾಗ ಇನ್ನೊಂದು ಥರದ ಎಡವಟ್ಟು. ಕನ್ನಡದಲ್ಲಿ ‘ಒಂದ್ಸಲ ಮನೆಗೆ ಬರಬಾರದಾ?’ ಅಂದರೆ ಅದರಲ್ಲಿ ಎಷ್ಟು ಪ್ರೀತಿ! ಅದನ್ನೇ ‘ಶುಡಂಟ್ ಯೂ ಕಮ್?’ ಅಂದರೆ ಬರಬೇಕಾದವರು ಬರಲಿಲ್ಲ ಅನ್ನೋ ಆಕ್ಷೇಪಣೆ ಆಗುತ್ತದೆ. ‘ವೈ ಡೋಂಟ್ ಯೂ ಕಮ್ ಓವರ್?’ ಅನ್ನಿ. ‘ಕಾಂಟ್ ಯೂ ಸೆಂಡ್ ಇಟ್ ಟುಡೇ?’ ಅಂದರೆ ಅಷ್ಟೂ ಆಗಲ್ವಾ ನಿನ್ನ ಕೈಲಿ ಅಂದ ಹಾಗೆ ಕೇಳಿಸುತ್ತದೆ, ‘ಕುಡ್ ಯೂ’ ಸಾಕು. ‘ವೋಂಟ್ ಯೂ ಸಿಟ್ ಡೌನ್?’ ಮಾತ್ರ ನಮ್ಮ ಹಾಗೇ ಉಪಚಾರದ ಮಾತು. ಇನ್ನು ಬಾಸ್ ‘ಶುಡಂಟ್ ವಿ ಚೆಕ್ ದಿಸ್ ಅಗೇನ್?’ ಅಂದರೆ ಅವರಿಗೆ ಅನುಮಾನ ಅಂತ ತಿಳಿಯಬೇಡಿ. ಇನ್ನೊಂದು ಸಲ ನೋಡು ಅಂತಲೇ ಅರ್ಥ.

‘ಕ್ಯಾನ್ ನಾಟ್ ಯೂ’ ಅಂತ ಈಗ ಯಾರೂ ಹೇಳುವುದಿಲ್ಲ. ‘ಕಾಂಟ್ ಯೂ’ ಇಲ್ಲವೇ ‘ಕ್ಯಾನ್ ಯೂ ನಾಟ್’. ಎರಡನೆಯದು ಸ್ಕಾಟ್ಲೆಂಡಿನಲ್ಲಿ, ನಾವಿರುವ ಉತ್ತರ ಇಂಗ್ಲೆಂಡಿನಲ್ಲಿ ಜಾಸ್ತಿ, ಅದರಲ್ಲಿ ಸಿಟ್ಟೇನೂ ಇಲ್ಲ. ಆದರೆ ಹರೆಯದ ಮಗ ಮುಂದೆ ಏನೂ ಸೇರಿಸದೆ ‘ಕ್ಯಾನ್ ಯೂ ನಾಟ್’ ಅಂದರೆ ಸುಮ್ನೆ ಬಿಡಮ್ಮ, ಸಾಕು ಅಂತ. ಇನ್ನು ‘ಯೂ ಮಸಂಟ್ ಸೈನ್’ ಅಂದರೆ ಸಹಿ ಹಾಕಕೂಡದು ಅಂತ, ಹಾಕಬೇಕಾಗಿಲ್ಲ ಅಂತಲ್ಲ. ಹಾಕಬೇಕಲ್ವಾ ಅಂತ ಕೇಳೋಕೆ ‘ಡೋಂಟ್ ಐ ಹ್ಯಾವ್ ಟು ಸೈನ್?’ ಸರಿಯಾಗುತ್ತದೆ.

ಇಲ್ಲಿ ಬೆಳೆಯುವ ನಮ್ಮ ಮಕ್ಕಳ ವಿಷಯ ಇದಕ್ಕೆ ತಿರುಗಾಮುರುಗ. ಬಸವನಗುಡಿಯ ಮನೆಯಲ್ಲಿ ನಮ್ಮತ್ತೆ ಕಾವಲಿ ಮೇಲಿಂದ ದೋಸೆ ಎತ್ತಿಕೊಂಡು ಮೊಮ್ಮಗಳನ್ನು ‘ಇನ್ನೊಂದು ಬೇಡ್ವಾ ಪುಟ್ಟಿ?’ ಅಂತಾರೆ. ಅವಳು ‘ಹೂಂ’ ಅಂತಾಳೆ. ಅಜ್ಜಿ ಆ ದೋಸೆ ಪಕ್ಕದ ತಟ್ಟೆಗೆ ಹಾಕುತ್ತಾರೆ. ಮಗು ತಲೆಯೆತ್ತಿ ನೋಡುತ್ತದೆ, ಬೇಕು ಅಂದೆನಲ್ಲ ಅಂತ. ಅವಳ ಕನ್ನಡದಲ್ಲಿ ಒಂದು ತಪ್ಪೂ ಇಲ್ಲ, ಉಚ್ಚಾರಣೆ ಕೂಡ ಸ್ವಚ್ಛ. ಆದರೂ ಕನ್ನಡದವರ ಹೂಂ ಅವಳಿಗೆ ದಕ್ಕಲಿಲ್ಲ. ಎದುರಿನವರ ಮನಸ್ಸಿನಲ್ಲಿ ಏನಿದೆ ನೋಡಿಕೊಂಡು ಅದಕ್ಕೆ ಮೊದಲು ತಲೆ ಆಡಿಸುವ ಅಭ್ಯಾಸ ಶನಿವಾರದ ಕನ್ನಡ ಕ್ಲಾಸಿನಲ್ಲಿ ಬರುವುದಿಲ್ಲ, ಹತ್ತು ಜನರ ಮನೆಯಲ್ಲಿ ಬರುತ್ತದೆ. ಇದನ್ನು ನಾವು ಅವಳಿಗೆ ಕೊಡಲಾಗಲಿಲ್ಲ, ಅದರ ಸಂಕಟ ನನಗಿದೆ. ಸದ್ಯಕ್ಕೆ ‘ಬೇಕು ಅಜ್ಜಿ’, ‘ಬೇಡ ಅಜ್ಜಿ’ ಅಂತ ಬಾಯಿಬಿಟ್ಟು ಹೇಳು ಅಂತ ಕಲಿಸಿದ್ದೇವೆ.

ಅಪ್ಪ ಅಮ್ಮ ನಿಮ್ಮ ಹತ್ತಿರ ಬಂದಾಗ ಅವರಿಗೂ ಇದನ್ನು ಹೇಳಿಕೊಡಿ, ಮರೆಯಬೇಡಿ. ಡಾಕ್ಟರ್ ‘ಕಾಂಟ್ ಯೂ ಬೆಂಡ್ ಯುವರ್ ನೀ?’ ಅಂತ ಕೇಳಿದಾಗ ಅಮ್ಮ ‘ಯೆಸ್’ ಅಂದರೆ ಮೊಣಕಾಲು ಮಡಚುತ್ತೆ ಅಂತಲೇ ಅವರು ತಿಳಿಯುತ್ತಾರೆ. ‘ಐ ಕಾಂಟ್ ಬೆಂಡ್ ಇಟ್’ ಅನ್ನೋ ಪೂರ್ತಿ ವಾಕ್ಯ ಬಾಯಿಪಾಠ ಮಾಡಿಸಿ. ಜಿಪಿಯಲ್ಲಿ ಇಂಟರ್‌ಪ್ರಿಟರ್‌ಗೆ ದುಡ್ಡು ಕೊಡಬೇಕಾಗಿಲ್ಲ, ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡದವರು ಬೇಕು ಅಂತ ಕೇಳಿ.