ವಾರ್ಡಿನವರು ಓದಿದ ಪ್ರಬಂಧ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ನರ್ಸಿಂಗ್ ಹೋಮಿನಲ್ಲಿ ವೈದ್ಯಕೀಯ ಪ್ರಬಂಧ ಓದುವ ಕೂಟ ಶುರು ಮಾಡಿದಾಗ ಬರುತ್ತಿದ್ದವರು ಡಾಕ್ಟರುಗಳಷ್ಟೇ. ಎಂ.ಡಿ.ಗೆ ಥೀಸಿಸ್ ಬರೆದವರು, ಪಿ-ವ್ಯಾಲ್ಯೂ (ಔಷಧದಿಂದ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆಯ ಲೆಕ್ಕ) ತಿಳಿದವರು. (ಥೀಸಿಸ್ಸಿನ ಲೆಕ್ಕವನ್ನು ಎಷ್ಟೋ ಜನರಿಗೆ ಬೇರೆಯವರು ಮಾಡಿಕೊಟ್ಟಿರುತ್ತಾರೆ, ಅದು ಬಿಡಿ.) ಚರ್ಚೆ ಮಾತ್ರ ಸಾರಾಂಶದ ಕೊನೆಯ ಸಾಲು ದಾಟುತ್ತಿರಲಿಲ್ಲ.

ಆಮೇಲೆ ಸಿಸ್ಟರ್‌ಗಳನ್ನು, ಎಕ್ಸ್-ರೇ ಟೆಕ್ನಿಷಿಯನ್ನನ್ನು, ಕೆಳಗಿನ ಮೆಡಿಕಲ್ ಶಾಪಿನವರನ್ನೂ ಕರೆದೆ. ಓದಲು ಕೊಟ್ಟದ್ದು ಸ್ಟ್ರೆಪ್ಟೊಮೈಸಿನ್ ಎಂಬ ಟಿ.ಬಿ. ಔಷಧದ ಪ್ರಯೋಗದ ಬಗ್ಗೆ 1948ರಲ್ಲಿ ಬಂದ ಪ್ರಬಂಧ. ಟಿ.ಬಿ. ಎಲ್ಲರೂ ಕಂಡ ಕಾಯಿಲೆ, ಲೆಕ್ಕವೂ ಸಣ್ಣದು: ಔಷಧ ಪಡೆದ 55 ಜನರಲ್ಲಿ ಆರು ತಿಂಗಳಲ್ಲಿ ತೀರಿಕೊಂಡವರು 4, ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಸಾರಾಂಶ, ಫಲಿತಾಂಶ ಎರಡನ್ನೂ ತೆಗೆದಿಟ್ಟು, ಪ್ರಯೋಗ ನಡೆಸಿದ ವಿಧಾನದ ಭಾಗವನ್ನಷ್ಟೇ ಮೊದಲು ಹಂಚಿದೆ. ‘ನೀವು ಅಲ್ಲಿ ಡ್ಯೂಟಿಯಲ್ಲಿದ್ದರೆ ಎಲ್ಲಿ ಎಡವಟ್ಟಾಗುತ್ತಿತ್ತು?’ ಅಂತ ಕೇಳಿದೆ.

ಹಿರಿಯ ಸಿಸ್ಟರ್ ಥಟ್ಟನೆ ಅಂದರು: ‘ದಿನಕ್ಕ ನಾಲ್ಕ ಇಂಜೆಕ್ಷನ್ ಅಂತ ಬರದಾರಲ್ರೀ ಸರ್, ಯಾರಿಗೆ ಔಷಧ ಸಿಕ್ಕೈತಿ ಅಂತ ವಾರ್ಡಿಗೆಲ್ಲಾ ಗೊತ್ತಾಗತೈತಿ.’ ಎರಡು ಗುಂಪಿನವರು ಸಾಮಾನ್ಯವಾಗಿ ಒಂದೇ ವಾರ್ಡಿನಲ್ಲಿ ಇರಲಿಲ್ಲ ಎಂಬ ಸಾಲು ತೋರಿಸಿದೆ. ‘ಬ್ಯಾರೆ ವಾರ್ಡ್ ಅಂದ್ರ ಸಿಸ್ಟರೂ ಬ್ಯಾರೆ, ನಿಗಾನೂ ಬ್ಯಾರೆ ಅಲ್ಲೇನ್ರೀ?’ ಪರ್ಫಾರ್ಮೆನ್ಸ್ ಬಯಾಸ್ (ಔಷಧದ ಹೊರತಾಗಿ ಆರೈಕೆಯೂ ಗುಂಪಿನಿಂದ ಗುಂಪಿಗೆ ಬೇರೆಯಾಗಿ ಫಲಿತಾಂಶ ವಾಲುವುದು) ಬಗ್ಗೆ ನಾನು ತಯಾರಿಸಿದ್ದ ಸ್ಲೈಡ್ ಬೇಕಾಗಲೇ ಇಲ್ಲ.

ಫಿಲ್ಮ್ ಓದಿದವರಿಗೆ ರೋಗಿ ಯಾವ ಗುಂಪಿನವನೆಂದು ತಿಳಿದಿತ್ತೇ ಅಂತ ಟೆಕ್ನಿಷಿಯನ್ ಕೇಳಿದರು. ತಿಳಿದಿರಲಿಲ್ಲ, ಆ ಪ್ರಯೋಗದ ಗಟ್ಟಿತನ ಇರುವುದೇ ಅಲ್ಲಿ, ಮತ್ತು ಯಾರು ಯಾವ ಗುಂಪಿಗೆ ಎಂಬುದು ಮೊದಲೇ ತಿಳಿಯದಂತೆ ರೋಗಿಗಳನ್ನು ಹಂಚಿದ ಮುಚ್ಚಿದ ಲಕೋಟೆಗಳಲ್ಲಿ.

ಅಂಕಿಗಳನ್ನು ನೂರಕ್ಕೆ ಇಷ್ಟು ಅಂತ ಬೋರ್ಡಿನ ಮೇಲೆ ಬರೆದೆ: 7 ಮತ್ತು 27. ಸಾವು ಮುಕ್ಕಾಲು ಪಾಲು ಇಳಿಯಿತು ಅಂದರು ಡಾಕ್ಟರುಗಳು. ಐದು ಜನರಿಗೆ ಕೊಟ್ಟರೆ ಒಂದು ಸಾವು ತಪ್ಪಿತು ಅಂದರು ಫಾರ್ಮಸಿಸ್ಟ್. ಎರಡೂ ಸರಿ, ಆದರೆ ರೋಗಿಯ ಮನೆಯವರಿಗೆ ಹೇಳಲು ಬರುವುದು ಎರಡನೆಯದು. ‘ಆರು ತಿಂಗಳ ಆದಮ್ಯಾಲೆ?’ ಎಂದೂ ಫಾರ್ಮಸಿಸ್ಟರೇ ಕೇಳಿದರು. ಆ ಒಂದೇ ಔಷಧಕ್ಕೆ ಕ್ರಿಮಿ ಒಗ್ಗಿಕೊಂಡಿತ್ತು. ಐದು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಬಹಳ ಕರಗಿತ್ತು.

ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬ ಅಂದಾಜು) ಬಂದರೆ ಈಗಲೂ ಎಲ್ಲರೂ ತಡವರಿಸುತ್ತಾರೆ, ಡಾಕ್ಟರುಗಳೂ ಸೇರಿ. ಅದಕ್ಕೆ ವಾರ್ಡಿನ ಅನುಭವ ಸಾಲದು, ಪಾಠವೇ ಬೇಕು. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಸಂಶೋಧನೆ, ಸಂಖ್ಯಾಶಾಸ್ತ್ರ ಓದಿಬಂದ ಕಿರಿಯ ಸಿಸ್ಟರ್ ಒಬ್ಬರು ಮುಂದಿನ ಸಲ ಅದನ್ನು ಹೇಳಿಕೊಡಲು ಒಪ್ಪಿದ್ದಾರೆ.